ಸಭೆ ಮುಗಿಯುವ ಮೊದಲೇ ಬರೆದ ಬೋರ್ಡು

೧೨ ಅಕ್ಟೋಬರ್, ಸೋಮವಾರ ಸಂಜೆ

ಮುದ್ದಿನ ಮಗಳಿಗೆ,

ಅಮ್ಮನ ಆಶೀರ್ವಾದ. ಒಂದೇ ಮನೆಯಲ್ಲಿದ್ದುಕೊಂಡು ಪತ್ರವೇ ಎಂದು ನಗಬೇಡ. ಬರೆಯಲು ತಡವಾದದ್ದಕ್ಕೆ ಕ್ಷಮಿಸು. ಶಾಲೆಯ ಮಾತು ಮನೆಯಲ್ಲಿ ಎತ್ತಿದರೆ "ಅಮ್ಮ, ಅದನ್ನ ಸ್ಕೂಲಲ್ಲಿ ಮಾತಾಡೋಣ" ಅನ್ನುತ್ತೀ. ಶಾಲೆಯಲ್ಲಿ ನಿನ್ನ ಕೋಣೆಗೆ ಬಂದರೆ "ಟೀಚರ್, ಮೀಟಿಂಗಲ್ಲಿ ಹೇಳಿ" ಅನ್ನುತ್ತೀ. ಇನ್ನು ಉಳಿದದ್ದು ಅಂಚೆ.

ನೀನು ಹೆಡ್‌ಮಿಸ್ ಆದ ದಿನ ಹಿಗ್ಗಿ ಹೀರೇಕಾಯಿಯಾದವಳು ನಾನೇ. ಈಗ ಸಂಕಟಪಡುತ್ತಿರುವವಳೂ ನಾನೇ.

ಶುಕ್ರವಾರದ ಸಭೆಯಲ್ಲಿ ನೀನು ಕೇಳಿದೆ: "ಓದೋಕೆ ಬಾರದ ಮಕ್ಕಳ ಕ್ಲಾಸ್ ಮುಚ್ಚಿ, ಅಲ್ಲಿ ಕಂಪ್ಯೂಟರ್ ಇಡೋಣ ಅಂತಿದೀನಿ. ಅಂಥಾ ಮಕ್ಕಳ ಮೇಲೆ ಎಷ್ಟು ಅಂತ ಟೈಮ್ ಹಾಕೋದು? ಎಲ್ಲರೂ ಮನಸ್ಸು ಬಿಚ್ಚಿ ಹೇಳಿ." ಅಷ್ಟರಲ್ಲಿ ಕಿಟಕಿಯಿಂದ ಪೇಂಟಿನ ವಾಸನೆ ಬಂತು. ನಾನು ಪಾಠ ಮಾಡುವ ಆ ಕೋಣೆಯ ಬಾಗಿಲ ಮೇಲೆ ಪೇಂಟರ್ 'ಕಂಪ್ಯೂಟರ್ ಕೊಠಡಿ' ಎಂದು ಬರೆದು ಮುಗಿಸುತ್ತಿದ್ದ. ಎಲ್ಲರೂ ಅತ್ತ ನೋಡಿ ತಮ್ಮ ಪುಸ್ತಕ ಮುಚ್ಚಿದರು. ನಾನೊಬ್ಬಳು ಎದ್ದೆ. "ಟೀಚರ್, ನಿಮ್ಮದು ಪರ್ಸನಲ್ ಆಗುತ್ತೆ, ಕೂತ್ಕೊಳ್ಳಿ" ಅಂದೆ ನೀನು. ಎಲ್ಲರೂ ಒಪ್ಪಿದರು ಎಂದು ಬರೆಸಿದೆ.

ಹಿಂದಿನ ದೊಡ್ಡ ಮೇಡಂ ಒಂದು ಬೆಂಚು ಸರಿಸಲೂ ನಾಲ್ಕು ಜನರನ್ನು ಕೇಳುತ್ತಿದ್ದರು. ನಮಗೆ ತಲೆ ಚಿಟ್ಟು ಹಿಡಿಯುತ್ತಿತ್ತು, ನಿಜ. ಆದರೆ ತಪ್ಪು ಕಂಡವರು ಬಾಯಿಬಿಟ್ಟು ಹೇಳುತ್ತಿದ್ದರು. ಈಗ ನೀನೊಬ್ಬಳೇ ಕೂತು ಮಾಡಿದ ಪರೀಕ್ಷೆಯ ವೇಳಾಪಟ್ಟಿಯಲ್ಲಿ ಒಂಬತ್ತನೆಯವರಿಗೆ ಗಣಿತ, ವಿಜ್ಞಾನ ಎರಡೂ ಒಂದೇ ಹೊತ್ತಿಗೆ. ವಾರದಿಂದ ಎಲ್ಲರಿಗೂ ಗೊತ್ತಿತ್ತು. ನಾನು ಹೇಳಲು ಬಂದಿದ್ದೆ. ಮೀಟಿಂಗಲ್ಲಿ ಹೇಳಿ ಅಂದೆ ನೀನು. ಗಣಿತದ ಮೇಷ್ಟ್ರಿಗೆ ನೀವಾದರೂ ಹೇಳಿ ಎಂದರೆ, "ನಮಗ್ಯಾಕೆ ಟೀಚರ್, ಅವರು ನಮ್ಮನ್ನ ಕೇಳಿ ಮಾಡಿದ್ರಾ?" ಅಂದರು. ಇವತ್ತು ಮಕ್ಕಳು ಎರಡೆರಡು ಪ್ರಶ್ನೆಪತ್ರಿಕೆ ಹಿಡಿದು ಪಿಳಿಪಿಳಿ ನೋಡುತ್ತಾ ಕೂತಿದ್ದರು. ನೀನು ಎಲ್ಲರ ಮೇಲೂ ಹರಿಹಾಯ್ದೆ.

ನಾಳೆಯಿಂದ ನನ್ನ ಮಕ್ಕಳನ್ನು ಮೆಟ್ಟಿಲ ಕೆಳಗೆ ಕೂರಿಸಿಕೊಳ್ಳುತ್ತೇನೆ. ದಯವಿಟ್ಟು ಅಲ್ಲಿಗೂ ಬೋರ್ಡು ಬರೆಸಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ತಪ್ಪನ್ನು ನಿನ್ನೆದುರೇ ಹೇಳುವ ನಾಲ್ಕು ಜನ ನಿನಗೆ ಸಿಗಲಿ.

ಇಂತಿ,
ಪಕ್ಕದ ಕೋಣೆಯ ಅಮ್ಮ

ಮರೆತ ಮಾತು: ಮೂರನೇ ಕ್ಲಾಸಿನಲ್ಲೂ ಅಕ್ಷರ ಕೂಡಿಸಲು ಬಾರದೆ ಅಳುತ್ತಿದ್ದ ಹುಡುಗಿಯೊಬ್ಬಳಿಗಾಗಿಯೇ ದೊಡ್ಡ ಮೇಡಂ ಆ ಕ್ಲಾಸು ಶುರುಮಾಡಿದ್ದು. ಆ ಹುಡುಗಿ ಯಾರೆಂದು ಶಾಲೆಯಲ್ಲಿ ಈಗ ಗೊತ್ತಿರುವುದು ನಮ್ಮಿಬ್ಬರಿಗೇ. ಶುಕ್ರವಾರ ನಾನು ಎದ್ದಾಗ ನಿನ್ನ ಮುಖ ಬಿಳಿಚಿಕೊಂಡದ್ದು ಕಂಡೆ. ಅದನ್ನು ಹೇಳಲು ಎದ್ದಿರಲಿಲ್ಲ ಮಗಳೇ. ಅಮ್ಮ ಅಂಥವಳು ಅಂದುಕೊಂಡೆಯಲ್ಲ.