ಶನಿವಾರ ಬಾಗಿಲು ತೆರೆಯಬೇಡ

ಕಾಲೇಜಿನ ಓದುವ ಕೋಣೆ
ಭಾನುವಾರ, ಒಂಬತ್ತನೇ ತಾರೀಖು

ಪ್ರೀತಿಯ ಚಿನಕುರಳಿ,

ಹೇಗಿದ್ದೀಯೆ? ಕುತ್ತಿಗೆ ನೋವು ಇಳಿಯಿತೇ? ನಿಮ್ಮವರು ಈಗಲೂ ಪೇಪರನ್ನು ಹಿಂದಿನ ಪುಟದಿಂದಲೇ ಓದುತ್ತಾರೆಯೇ? ಇಷ್ಟು ತಿಂಗಳು ಬರೆಯದೆ ಇದ್ದದ್ದಕ್ಕೆ ಬೈಯಬೇಕು ಅನ್ನಿಸಿದರೆ ಮೊದಲು ಬೈದು ಮುಗಿಸು, ಆಮೇಲೆ ಮುಂದಕ್ಕೆ ಓದು. ಅಮ್ಮ ಹೋಗಿ ಕಾರ್ಯವೆಲ್ಲ ಮುಗಿದ ಮೇಲೆ ನೀನು ಒಂದೇ ಒಂದು ಸಲ ಫೋನ್ ಮಾಡಿದೆ. "ಅಕ್ಕಾ, ಅವತ್ತು ನೀನು ಅತ್ತಿದ್ದು ನಿಜಾನಾ?" ಅಂತ ಕೇಳಿದೆ. ನಾನು "ಊಟ ಆಯ್ತಾ?" ಅಂದೆ. ನೀನು ಫೋನ್ ಇಟ್ಟುಬಿಟ್ಟೆ. ಸೊಸೆ ಫೋನನ್ನು ಸ್ಪೀಕರಿಗೆ ಹಾಕಿದ್ದಳು, ಮಗ ಎದುರಿಗೆ ಕ್ಯಾಮೆರಾ ಹಿಡಿದು ನಿಂತಿದ್ದ. ಅದು ನಿನಗೆ ಗೊತ್ತಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಬರೆಯಲೆಂದೇ ಇವತ್ತು ಕೂತಿದ್ದೇನೆ. ಕೈ ಇನ್ನೂ ತಯಾರಿಲ್ಲ, ಸುತ್ತಿ ಬಳಸಿ ಬರುತ್ತೇನೆ.

ಮೊದಲು ಒಂದು ಸುದ್ದಿ, ನಿನ್ನ ಹೊಟ್ಟೆಯಲ್ಲೇ ಇರಲಿ. ನಾನು ಮತ್ತೆ ಕಾಲೇಜು ಸೇರಿದ್ದೇನೆ. ಎಂದೋ ಮಾಡಿದ ಎಂ.ಎ. ಸಾಲದು ಅಂತ ಈಗ ಇಂಗ್ಲಿಷಿನಲ್ಲಿ ಇನ್ನೊಂದು. ಭಾನುವಾರದ ತರಗತಿ. ಮನೆಯಲ್ಲಿ ಮಂಡಿಯ ವ್ಯಾಯಾಮಕ್ಕೆ ಹೋಗುತ್ತೇನೆ ಅಂದಿದ್ದೇನೆ. ಈ ವರ್ಷ ಮಗ ಸೊಸೆ ಯೂಟ್ಯೂಬಿನಲ್ಲಿ ನಡೆಸುವ ನಮ್ಮ ಅಡುಗೆ ಚಾನೆಲ್ಲಿಗೆ ದುಡ್ಡು ಕೊಡುವವರು ಮಂಡಿನೋವಿನ ಮುಲಾಮಿನವರೇ ಆದ್ದರಿಂದ ಯಾರೂ ತಡೆಯಲಿಲ್ಲ.

ಮೂರು ಪಾಠ: ಜಾಹೀರಾತು, ಜನಪ್ರಿಯ ಸಂಸ್ಕೃತಿ, ಡಿಸ್ಟೋಪಿಯಾ ಕಾದಂಬರಿ. ಈ ಕೊನೆಯದು ಅಂದರೆ, ಎಲ್ಲರೂ ನಗುತ್ತಿರಬೇಕಾದ, ಯಾರಿಗೂ ಹೊರಗೆ ಹೋಗಲಾಗದ ನಾಡಿನ ಕಥೆ. ಮೊದಲ ದಿನ ಮೇಷ್ಟ್ರು ಹೀಗೆ ವಿವರಿಸಿದಾಗ ನಾನು ಪುಸ್ತಕದಲ್ಲಿ ಏನನ್ನೂ ಬರೆದುಕೊಳ್ಳಲಿಲ್ಲ. ಮರೆಯುವಂಥದ್ದಲ್ಲವಲ್ಲ.

ನೀನು ಬಂದು ಹೋದ ಮೇಲೆ ನಮ್ಮ ಅಡುಗೆಮನೆ ಬದಲಾಗಿದೆ. ನಾನು ನಿಲ್ಲಬೇಕಾದ ಜಾಗಕ್ಕೆ ನೆಲದ ಮೇಲೆ ನೀಲಿ ಟೇಪು ಅಂಟಿಸಿದ್ದಾರೆ. ಡಬ್ಬಿಗಳ ಹೆಸರೆಲ್ಲ ಮುಂದಕ್ಕೆ ತಿರುಗಿರಬೇಕು. ನಾನು ಕನ್ನಡಕ ಹಾಕುವಂತಿಲ್ಲ, ದೀಪ ಅದರಲ್ಲಿ ಮಿನುಗುತ್ತದಂತೆ. ಮುಂಗೂದಲಿನ ಬಿಳಿ ಎಳೆಯನ್ನು ಮುಟ್ಟುವಂತಿಲ್ಲ, ಕೂದಲ ಬಣ್ಣದ ಕಂಪನಿಯ ಜೊತೆ ಮಾತುಕತೆ ನಡೆಯುತ್ತಿದೆ. ಅಂಗಡಿ ಮುಚ್ಚಿದ ಮೇಲೆ ನಮ್ಮವರಿಗೆ ದೀಪ ಹಿಡಿಯುವ ಕೆಲಸ. "ಸ್ವಲ್ಪ ಎಡಕ್ಕೆ ತಿರುಗೆ" ಅನ್ನುವುದೇ ಈಗ ನಮ್ಮಿಬ್ಬರ ನಡುವಿನ ಸರಸ ಸಲ್ಲಾಪ.

"ಬೇಡ ಅನ್ನಬಾರದಾ?" ಅನ್ನುತ್ತೀಯ. ಅಂದೆ. ಸೌಟು ಕೆಳಗಿಟ್ಟು, "ಸಾಕು ಕಣೋ, ನನ್ನ ಕೈಲಾಗಲ್ಲ, ಇದೆಲ್ಲ ತೆಗಿ" ಅಂತ ಕೂಗಿದೆ. ಅದೂ ಕ್ಯಾಮೆರಾದಲ್ಲಿತ್ತು. "ಅಮ್ಮನಿಗೆ ಸಿಟ್ಟು ಬಂದಾಗ" ಅಂತ ಹಾಕಿದರು. ಜನ ಮುಗಿಬಿದ್ದು ನೋಡಿದರು. ಈಗ "ಸಾಕು ಕಣೋ" ಅಂತ ಬರೆದ ಟೀ ಲೋಟ ಮಾರಾಟಕ್ಕಿದೆ. ಬೀದಿಯಲ್ಲಿ ಗುರುತು ಹಿಡಿದವರು "ಒಂದ್ಸಲ ಸಾಕು ಕಣೋ ಅನ್ನಿ ಅಮ್ಮ" ಅನ್ನುತ್ತಾರೆ. ಅನ್ನುತ್ತೇನೆ, ಮತ್ತೇನು ಮಾಡಲಿ.

ಮಗ ಕೆಟ್ಟವನಲ್ಲ. ಅದೇ ಕಷ್ಟ. ನನಗೆ ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿ ಪಕ್ಕದಲ್ಲೇ ಕೂತ, ಫೋನು ಕೂಡ ಮುಟ್ಟಲಿಲ್ಲ. ಬೆಳಿಗ್ಗೆ ಮಾತ್ರ, "ಅಮ್ಮಾ, ನಿನ್ನೆದು ಇವತ್ತು ಕ್ಯಾಮೆರಾ ಮುಂದೆ ಒಂದ್ಸಲ ಮಾಡೋಣ್ವಾ?" ಅಂದ.

ಇಲ್ಲಿ, ಈ ಓದುವ ಕೋಣೆಯಲ್ಲಿ, ನಾನು ಕನ್ನಡಕ ಹಾಕಿಕೊಂಡು ಕೂದಲು ಬಿಗಿಯಾಗಿ ಕಟ್ಟುತ್ತೇನೆ. ಯಾರಿಗೂ ಗುರುತು ಸಿಗುವುದಿಲ್ಲ. ತರಗತಿಗೆ ಮುಂಚೆ ಪದ್ಯ ಓದುತ್ತೇನೆ. ಸಾಲು ಮುಗಿದ ಮೇಲೆ ಪುಟದಲ್ಲಿ ಖಾಲಿ ಜಾಗ ಉಳಿಯುತ್ತದಲ್ಲ, ಅಲ್ಲಿ ಯಾರೂ ಏನನ್ನೂ ಮಾರುವುದಿಲ್ಲ. ಅಲ್ಲಿ ಸ್ವಲ್ಪ ಹೊತ್ತು ಕೂತಿರುತ್ತೇನೆ.

ಹೋದ ಭಾನುವಾರ ಮಾತ್ರ ಕನ್ನಡಕ ಹಾಕಿದ್ದರೂ ನನ್ನಿಂದ ನಾನೇ ತಪ್ಪಿಸಿಕೊಳ್ಳಲಾಗಲಿಲ್ಲ. ಮೇಷ್ಟ್ರು, ನನ್ನ ಮಗನಿಗಿಂತ ಚಿಕ್ಕವರು, ಪರದೆಯ ಮೇಲೆ ಒಂದು ವಿಡಿಯೋ ಹಾಕಿದರು. ಶಬ್ದ ತೆಗೆದಿದ್ದರು. "ಏನು ಮಾರ್ತಿದ್ದಾರೆ ಹೇಳಿ ನೋಡೋಣ" ಅಂದರು. ಅಡುಗೆಮನೆ, ನೀಲಿ ಟೇಪು, ನಾನು. ಅಡುಗೆ ಮಾಡುತ್ತಿರುವಾಗ ಫೋನು ಬರುತ್ತದೆ, ಕಿವಿಗಿಡುತ್ತೇನೆ, ಗೋಡೆಗೆ ಒರಗಿ ಕುಸಿಯುತ್ತೇನೆ. ಅಮ್ಮ ಹೋದಳು ಅಂತ ನೀನು ಮಾಡಿದ ಫೋನು ಅದು. ಮಗ ಕ್ಯಾಮೆರಾ ಇಟ್ಟು ಹೊರಗೆ ಹೋಗಿದ್ದ, ಅದು ಓಡುತ್ತಲೇ ಇತ್ತು. ಆಮೇಲೆ ಅದನ್ನು ಜೋಡಿಸುತ್ತಾ ಅವನೂ ಅತ್ತ, ಅತ್ತು ಚಾನೆಲ್ಲಿಗೆ ಹಾಕಿದ.

"ಒಲೆ ಸರ್" ಅಂದರು ಒಬ್ಬರು. "ಹಿಂದೆ ಇರೋ ಮುಲಾಮು" ಅಂದರು ಇನ್ನೊಬ್ಬರು. ಕೊನೆಯ ಬೆಂಚಿನ ಹುಡುಗಿ, "ಆ ಅಮ್ಮನ್ನೇ ಸರ್" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ ಕಣೇ, ಅಭ್ಯಾಸ.

ನನ್ನ ಪಕ್ಕ ಕೂರುವವಳು ನರ್ಸು. ಊಟದ ಡಬ್ಬಿ ಹಂಚಿಕೊಳ್ಳುವ ಸ್ನೇಹ. ನನ್ನ ಕಡೆ ವಾಲಿ, "ಆಸ್ಪತ್ರೆಲಿ ದಿನಾ ಅಳೋರನ್ನ ನೋಡ್ತೀನಕ್ಕಾ. ಇದು ನಾಟಕ. ಸುದ್ದಿ ಕೇಳಿ ಕುಸಿಯೋಳು ಮೊದ್ಲು ಒಲೆ ಆರಿಸ್ತಾಳಾ? ಅಷ್ಟು ಎಚ್ಚರ ಇರುತ್ತಾ?" ಅಂದಳು. ನಾನು "ಇರಲ್ವೇನೋ" ಅಂದೆ.

ಗ್ರಂಥಪಾಲಕಿ ಗಡಿಯಾರ ತೋರಿಸುತ್ತಿದ್ದಾರೆ. ತರಗತಿ ಮುಗಿಸಿ ಬಂದು ಬರೆಯುತ್ತೇನೆ.

ಬಂದೆ. ಇವತ್ತು ಡಿಸ್ಟೋಪಿಯಾ. ಆ ಕಥೆಗಳಲ್ಲಿ ಗೋಡೆ ಕಟ್ಟಿದವರು ಯಾರು ಅಂತ ಮೊದಲು ಹುಡುಕಬೇಕು, ಅಲ್ಲಿಂದಲೇ ದಾರಿ ಸಿಗುತ್ತದೆ ಅಂದರು ಮೇಷ್ಟ್ರು. ನಾನು ಕೈ ಎತ್ತಿದೆ. "ಗೋಡೆ ಕಟ್ಟಿದವನು ಮಗನೇ ಆಗಿದ್ರೆ ಸರ್? ಕಟ್ಟುವಾಗ ಇಟ್ಟಿಗೆ ಎತ್ತಿ ಕೊಟ್ಟವಳು ಅವನಮ್ಮನೇ ಆಗಿದ್ರೆ?" ಅವರು, "ಆ ಪುಸ್ತಕ ನಾನಿನ್ನೂ ಓದಿಲ್ಲ ಮೇಡಂ" ಅಂದರು. ಒಳ್ಳೆಯ ಹುಡುಗ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಪ್ಪತ್ತೆರಡನೇ ತಾರೀಖು ಶನಿವಾರ ಅಮ್ಮ ಹೋಗಿ ಒಂದು ವರ್ಷ. ಅವತ್ತು ಇವರೆಲ್ಲ ನನ್ನನ್ನು ಕರೆದುಕೊಂಡು ನಿನ್ನ ಮನೆಗೆ ಬರುತ್ತಾರೆ. ನಿನಗೆ ಹೇಳಿಲ್ಲ, ನೀನು ಬೆಚ್ಚಿಬೀಳುವುದೂ ಅವರಿಗೆ ಬೇಕು. ನಮ್ಮ ಮಾತು ನಿಂತದ್ದು ಜನರಿಗೆಲ್ಲ ಗೊತ್ತಾಗಿದೆ. "ಅಕ್ಕ ತಂಗಿ ಒಂದಾಗ್ತಾರಾ?" ಅಂತ, ದಿನ ಮಾತ್ರ ಹೇಳದೆ, ವಾರದಿಂದ ತೋರಿಸುತ್ತಿದ್ದಾರೆ. ಸೊಸೆ ನನಗೆ ಬಟ್ಟೆಯನ್ನೂ ಆರಿಸಿಟ್ಟಿದ್ದಾಳೆ. "ಅತ್ತೆ, ಚಿಕ್ಕಮ್ಮ ಬಾಗ್ಲು ತೆಗೆದ ತಕ್ಷಣ ಅಪ್ಕೋಬೇಡಿ, ಎರಡು ನಿಮಿಷ ಸುಮ್ನೆ ನಿಂತ್ಕೊಳ್ಳಿ" ಅಂದಿದ್ದಾಳೆ.

ಚಿನಕುರಳಿ, ಅವತ್ತು ಬಾಗಿಲು ತೆರೆಯಬೇಡ. ಇನ್ನೊಂದು ಸಲ ಹೇಳುತ್ತೇನೆ, ತೆರೆಯಲೇಬೇಡ. ನಾನು ಗಂಟೆ ಒತ್ತುತ್ತೇನೆ, ನಿನ್ನ ಹೆಸರು ಹಿಡಿದು ಕರೆಯುತ್ತೇನೆ, ಬಹುಶಃ ಅಳುತ್ತೇನೆ. ಚೆನ್ನಾಗಿಯೇ ಅಳುತ್ತೇನೆ, ಕೈ ಪಳಗಿದೆ. ನೀನು ಕರಗಬೇಡ. ಎಲ್ಲಾದರೂ ಹೋಗಿಬಿಡು, ಇಲ್ಲವೇ ಒಳಗೆ ಚಿಲಕ ಹಾಕಿಕೊಂಡು ಕೂತಿರು. ನೋಡುವವರು ನಿನ್ನನ್ನು ಕಲ್ಲೆದೆಯವಳು ಅನ್ನುತ್ತಾರೆ. ಅನ್ನಲಿ. ನನ್ನದು ಅಂತ ಉಳಿದಿರುವುದು ನಿನ್ನ ಈ ಕೋಪ ಒಂದೇ. ನಾವು ಅವರ ಮುಂದೆ ಒಂದಾಗಿಬಿಟ್ಟರೆ, ಆಮೇಲೆ ನಿಜವಾಗಿ ಒಂದಾಗಲು ನಮ್ಮ ಹತ್ತಿರ ಏನೂ ಇರುವುದಿಲ್ಲ.

ಉತ್ತರ ಬರೆಯಬೇಡ. ಮನೆಗೆ ಬಂದ ಕಾಗದ ಬಿಚ್ಚುವುದನ್ನೂ ತೋರಿಸುತ್ತಾರೆ. ಬಾಗಿಲು ಮುಚ್ಚಿಯೇ ಇದ್ದರೆ ಕಾಗದ ತಲುಪಿತು ಅಂದುಕೊಳ್ಳುತ್ತೇನೆ. ಆ ಬಾಗಿಲನ್ನು ನೋಡಿಕೊಂಡು ನಾನು ಬಹಳ ದಿನ ಬದುಕಬಲ್ಲೆ.

ನಿನ್ನ ಮನೆ, ನಿನ್ನ ಮಕ್ಕಳು ತಣ್ಣಗಿರಲಿ. ನಿನ್ನ ಕುತ್ತಿಗೆಗೆ ಆ ಮುಲಾಮು ಮಾತ್ರ ಹಚ್ಚಬೇಡ, ಏನೂ ಪ್ರಯೋಜನವಿಲ್ಲ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಇಲ್ಲಿಯವರೆಗೆ ಮುಂದೂಡಿದ್ದು. ನಾವು ಚಿಕ್ಕವರಿದ್ದಾಗ ಅಜ್ಜ ಹೋದ ಸುದ್ದಿ ಬಂತು, ಅಮ್ಮ ಒಲೆಯ ಮೇಲಿದ್ದ ಎಣ್ಣೆ ಮರೆತು ಅಳುತ್ತಾ ಕೂತಳು, ಪರದೆಗೆ ಬೆಂಕಿ ಹತ್ತಿ ನಿನ್ನ ಮೊಣಕೈ ಸುಟ್ಟಿತು. ಆಮೇಲೆ ಬದುಕಿರುವಷ್ಟು ದಿನವೂ ಅವಳು ನಮಗೆ ಹೇಳಿದ್ದು ನೆನಪಿದೆಯಲ್ಲ: "ಯಾರು ಹೋದ್ರೂ ಸರಿ, ಮೊದ್ಲು ಒಲೆ ಆರ್ಸು, ಆಮೇಲೆ ಅಳು." ಆ ವಿಡಿಯೋವನ್ನು ಶಬ್ದ ತೆಗೆದು ಒಂದು ಸಲ ನೋಡು. ಕುಸಿಯುವ ಮೊದಲು ನನ್ನ ಕೈ ಎಲ್ಲಿಗೆ ಹೋಗುತ್ತದೆ ನೋಡು. ಬೇಗ ನೋಡು, ಹೊಸದಾಗಿ ದುಡ್ಡು ಕೊಡಲು ಬಂದಿರುವ ಒಲೆಯ ಕಂಪನಿಯವರಿಗೆ ಉರಿ ಕಾಣಬೇಕಂತೆ, ಆ ತುಣುಕನ್ನು ಕತ್ತರಿಸುತ್ತಾರೆ. ಅವತ್ತು ಅತ್ತದ್ದು ನಿಜ ಕಣೇ. ಆಮೇಲೆ ನಾನು ಅತ್ತದ್ದೆಲ್ಲ ಒಲೆ ಉರಿಯುತ್ತಿರುವಾಗಲೇ.