ಆ ಮಂಗಳವಾರ ನಾನು ಎಲ್ಲಿರಬೇಕಿತ್ತು?

ಬಲ್ಲರಾಟ್ ಚಿನ್ನದ ಬಯಲಿನಲ್ಲಿ ಗುಂಡಿಗಳ ತಕರಾರು ತೀರಿಸುವ ಅಧಿಕಾರಿಗಳೇ,

ನನ್ನ ಗಂಡನನ್ನು ಸರ್ಕಾರದ ಸಿಪಾಯಿಗಳು ಕೊಂದರು. ಅದು ನಿಮ್ಮ ಇಲಾಖೆಯ ವಿಷಯವಲ್ಲ ಎನ್ನುತ್ತೀರಿ, ಒಪ್ಪಿದೆ. ಆದರೆ ಅವನು ವರ್ಷವಿಡೀ ಅಗೆದ ಗುಂಡಿಯನ್ನು ಇನ್ನೊಬ್ಬನಿಗೆ ಕೊಟ್ಟದ್ದು ನಿಮ್ಮ ಇಲಾಖೆಯದೇ ಕೆಲಸ. ನಿಮ್ಮ ಕಚೇರಿಯ ಕಿಟಕಿಯಲ್ಲಿ ಕೊಟ್ಟ ಅರ್ಜಿಗಳಿಗೆ ಉತ್ತರ ಬರಲಿಲ್ಲವಾದ್ದರಿಂದ ಈ ಪತ್ರವನ್ನು ಪತ್ರಿಕೆಗೂ ಕೊಟ್ಟಿದ್ದೇನೆ, ನೀವು ಹುಕುಂ ಜಡಿಯುವ ಮರಕ್ಕೂ ಜಡಿದಿದ್ದೇನೆ. ಮೊಳೆ ನನ್ನದೇ.

ನನ್ನ ಗಂಡ ಕಾನ್ ಟ್ವೊಮಿ ದಂಗೆಕೋರ ಎಂದು ನಿಮ್ಮವರು ಬರೆದುಕೊಂಡಿದ್ದಾರೆ. ಕಾರಣ, ಅವನು ಬಂಡಾಯಗಾರರ ಬೇಲಿಯ ಒಳಗೆ ಸಿಕ್ಕ. ಸ್ವಾಮಿ, ಅವನು ಬೇಲಿಯ ಒಳಗೆ ಹೋಗಲಿಲ್ಲ, ಬೇಲಿ ಬಂದು ಅವನನ್ನು ಸುತ್ತಿಕೊಂಡಿತು. ನಮ್ಮ ಡೇರೆ ಅಲ್ಲಿ ಮೊದಲಿನಿಂದಲೂ ಇತ್ತು. ಹುಡುಗರು ಹಲಗೆ, ಮುರಿದ ಗಾಡಿ ಎಳೆದು ತಂದು ಕೋಟೆ ಕಟ್ಟಿದಾಗ ನಾವು ಚಹಾ ಕುಡಿಯುತ್ತಿದ್ದೆವು. ಚಿನ್ನ ಅಗೆಯಲು ಕಟ್ಟಬೇಕಾದ ಲೈಸೆನ್ಸ್ ದುಡ್ಡು ಸಾಕೆಂದು ಆ ಕಾಗದ ಸುಡುವ ಸಭೆಗೆ ಅವನೂ ಹೋಗಿದ್ದು ನಿಜ. ಆದರೆ ಸುಡದೆ ವಾಪಸು ತಂದಿದ್ದ. "ದುಡ್ಡು ಕೊಟ್ಟು ತಗೊಂಡಿದ್ದನ್ನ ಸುಡೋಕೆ ನಾನೇನು ಜಮೀನ್ದಾರನ ಮಗನಾ ನೋರಾ?" ಎಂದ. ಬೇಲಿ ನೋಡಿ ನಾನು ಹೆದರಿದರೆ, "ಸೋಮವಾರಕ್ಕೆ ಇವ್ರೆಲ್ಲ ಮನೆಗೋಗ್ತಾರೆ ಬಿಡು. ಕಿತ್ತು ಸೌದೆ ಮಾಡ್ಕೊಳ್ಳೋಣ," ಎಂದು ನಕ್ಕ.

ಭಾನುವಾರ ಬೆಳಕು ಹರಿಯುವ ಮೊದಲೇ ಸಿಪಾಯಿಗಳು ಬಂದರು. ಕಾನ್ ಬೂಟು ಹುಡುಕುತ್ತಿದ್ದ. ಒಂದು ಸಿಕ್ಕಿತ್ತು, ಇನ್ನೊಂದು ಸಿಗುವ ಮೊದಲೇ ಬಯೊನೆಟ್ ಸಿಕ್ಕಿತು. ಡೇರೆಗೆ ಬೆಂಕಿ ಹಚ್ಚಿದರು. ಸೋಮವಾರ ಅವನನ್ನು ಮಣ್ಣು ಮಾಡಿದೆ. ಅವತ್ತೇ ಮಿಲಿಟರಿ ಕಾನೂನು ಬಂತು.

ಈಗ ನಿಮ್ಮ ನಿಯಮಕ್ಕೆ ಬರೋಣ. ಗುಂಡಿಯ ಬಾಯಲ್ಲಿ ಸಲಿಕೆ ಊರಿದ್ದರೆ ಅದಕ್ಕೆ ಒಡೆಯ ಇದ್ದಾನೆಂದು ಅರ್ಥ. ಆದರೆ ಎರಡು ಕೆಲಸದ ದಿನ ಮನೆಯವರು ಯಾರೂ ಅಲ್ಲಿ ಮುಖ ತೋರಿಸದಿದ್ದರೆ ಸಲಿಕೆಗೆ ಬೆಲೆಯಿಲ್ಲ, ಗುಂಡಿ ಕಂಡವರ ಪಾಲು. ಇದು ನನಗೆ ಗೊತ್ತಿಲ್ಲದ್ದಲ್ಲ. ಕಾನ್‌ಗೆ ಜ್ವರ ಬಂದಾಗೆಲ್ಲ ಹೆಣೆಯುವ ಕಡ್ಡಿ ಹಿಡಿದು ಗುಂಡಿ ಕಾಯುತ್ತ ಕೂತವಳು ನಾನೇ. ಸೋಮವಾರದ ಒಂದು ದಿನ ಆಗಲೇ ಹೋಗಿತ್ತು, ಅದಕ್ಕೇ ಮಂಗಳವಾರ ಬೆಳಗ್ಗೆ, ಅಳು ನಿಲ್ಲುವ ಮೊದಲೇ, ಹೊರಟೆ. ತೊರೆಯ ದಡದಲ್ಲಿ ಕಾವಲಿನವನು ಅಡ್ಡ ನಿಂತ.

"ಎಲ್ಲಿಗಮ್ಮ? ಇವತ್ತು ಯಾರೂ ಡೇರೆ ಬಿಟ್ಟು ಕದಲಂಗಿಲ್ಲ."

"ಅಗೋ, ಆ ಹಳದಿ ಮಣ್ಣಿನ ಗುಡ್ಡೆ ಕಾಣ್ತದಲ್ಲಪ್ಪ, ಅದು ನಮ್ದು. ಸುಮ್ನೆ ಕೂತಿದ್ದು ಬರ್ತೀನಿ."

"ಕೂರೋದಾದ್ರೆ ಇಲ್ಲೇ ಕೂತ್ಕೋ. ದಾಟಿದ್ರೆ ಹೊಡೀರಿ ಅಂದವ್ರೆ ನಮಗೆ."

ಕೂತೆ. ಸಂಜೆಯವರೆಗೂ ಅಲ್ಲೇ ಕೂತು ನಮ್ಮ ಸಲಿಕೆಯನ್ನು ದೂರದಿಂದ ನೋಡಿದೆ. ಅತ್ತ ದರಿ, ಇತ್ತ ಪುಲಿ. ಬುಧವಾರ ಬೆಳಗ್ಗೆ ಸಲಿಕೆ ಇರಲಿಲ್ಲ. ತೊರೆಯ ಆ ಕಡೆಯಲ್ಲೇ ಡೇರೆಯಿರುವ, ಯಾವ ಕಾವಲನ್ನೂ ದಾಟಬೇಕಿಲ್ಲದ ಸೈಲಸ್ ಮಡ್ಜ್ ಗುಂಡಿಗೆ ಇಳಿದಿದ್ದ.

ನಿಮ್ಮ ಮುಂದೆ ವಿಚಾರಣೆ ನಡೆಯಿತು. ನೆನಪಿದೆಯೇ? ನಿಮಗೆ ಇರಲಾರದು, ಊಟದ ಹೊತ್ತಾಗಿತ್ತು.

"ಗುಂಡಿ ಹತ್ರ ನಿಮ್ಮ ಕಡೆಯವರು ಯಾರಾದ್ರೂ ಇದ್ರಾ?" ಎಂದಿರಿ.

"ಸಿಪಾಯಿ ಬಿಡಲಿಲ್ಲ ಸ್ವಾಮಿ."

"ಆ ಸಿಪಾಯಿ ಹೆಸರೇನು?"

"ಬಂದೂಕು ಹಿಡ್ಕೊಂಡಿದ್ದ. ಹೆಸರು ಕೇಳೋ ಸಲಿಗೆ ಇರಲಿಲ್ಲ."

"ಹಾಗಾದ್ರೆ ನಿಮ್ಮ ಯಜಮಾನರನ್ನ ಕಳಿಸಬಹುದಿತ್ತಲ್ಲ?"

ಪಕ್ಕದ ಗುಮಾಸ್ತ ಕೆಮ್ಮಿದ. ನೀವು ಕಾಗದ ಮಗುಚಿ "ಓಹ್" ಎಂದಿರಿ. ನನ್ನ ಗಂಡನ ಸಾವಿನ ಬಗ್ಗೆ ಸರ್ಕಾರದ ಬಾಯಿಂದ ಇವತ್ತಿನವರೆಗೆ ಬಂದಿರುವ ಸಂತಾಪ ಅಷ್ಟೇ. ಆಮೇಲೆ, ನಿಯಮದಲ್ಲಿ ವಿನಾಯಿತಿಗೆ ಅವಕಾಶವಿಲ್ಲವೆಂದು ಗುಂಡಿಯನ್ನು ಮಡ್ಜ್‌ಗೆ ಕೊಟ್ಟಿರಿ. ಒಬ್ಬಳೇ ಹೆಂಗಸನ್ನು ಸರ್ಕಾರದ ಒಂದು ಕೈ ಹಿಡಿದು ನಿಲ್ಲಿಸಿತು, ಇನ್ನೊಂದು ಕೈ ಅವಳು ಬರಲಿಲ್ಲವೆಂದು ದಂಡ ಹಾಕಿತು. ಇವೆರಡೂ ಒಂದೇ ಮೈಯ ಕೈಗಳಲ್ಲವೇ? ಒಂದು ಮಾಡಿದ್ದು ಇನ್ನೊಂದಕ್ಕೆ ತಿಳಿಯುವುದೇ ಇಲ್ಲವೇ?

ಸರ್ಕಾರವನ್ನಷ್ಟೇ ಬೈದರೆ ನನಗೆ ಪಾಪ ಬಂದೀತು. ಮೆಲ್ಬರ್ನಿನ ನ್ಯಾಯಾಲಯದಲ್ಲಿ ಪಂಚರು ಬಂಡಾಯದ ಸೆರೆಯಾಳುಗಳನ್ನೆಲ್ಲ ಬಿಡುಗಡೆ ಮಾಡಿದ ಸುದ್ದಿ ಬಂದ ದಿನ ಇಲ್ಲಿ ದೀಪೋತ್ಸವ. ನಿಮಗೆ ದಂಗೆಕೋರನಾದ ಕಾನ್ ಜನರಿಗೆ ಹುತಾತ್ಮನಾದ. ಗಾಡಿ ಹತ್ತಿ ಟೊಪ್ಪಿ ಬೀಸುತ್ತ, "ನಮ್ಮ ಕಾನ್ ಟ್ವೊಮಿ ಸ್ವಾತಂತ್ರ್ಯಕ್ಕೋಸ್ಕರ ಜೀವ ಕೊಟ್ಟ" ಎಂದು ಭಾಷಣ ಮಾಡಿದವನು ಯಾರು ಗೊತ್ತೇ? ಸೈಲಸ್ ಮಡ್ಜ್. ಇಳಿದು ಬಂದವನು ನನ್ನ ಕೈಗೆ ಸಲಿಕೆ ಕೊಟ್ಟ.

"ನಿಮ್ಮೋರ್ದು ಅಕ್ಕಾ. ಇಟ್ಕೊಳ್ಳೋಕೆ ಮನಸ್ಸಾಗ್ಲಿಲ್ಲ."

"ಗುಂಡಿ ಇಟ್ಕೊಳ್ಳೋಕೆ ಮನಸ್ಸಾಯ್ತಲ್ಲಪ್ಪ?"

"ಗುಂಡಿ ಕಾನೂನಕ್ಕಾ," ಎಂದ. "ಸಲಿಕೆ ಮನುಷ್ಯತ್ವ."

ಸುತ್ತ ನಿಂತವರು ತಲೆಯಾಡಿಸಿದರು. ಅವನ ಕಣ್ಣಲ್ಲಿ ನೀರೂ ಇತ್ತು. ಸುಳ್ಳು ನೀರು ಎನ್ನಲಾರೆ, ಅದೇ ನನಗೆ ತಡೆಯಲಾಗದ್ದು.

ಆಮೇಲೆ ದೊಡ್ಡ ಮನುಷ್ಯರ ಆಯೋಗ ಬಂತು, ನಡೆದದ್ದು ವಿಷಾದನೀಯ ಎಂದಿತು. ಲೈಸೆನ್ಸ್ ಹೋಯಿತು, ನಾಳೆ ಮತ ಹಾಕುವ ಹಕ್ಕೂ ಬರುತ್ತದಂತೆ. ಬರಲಿ, ಒಳ್ಳೆಯದೇ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು, ಈಗ ಗಂಡ ಹೆಂಡಿರು ರಾಜಿಯಾಗಿದ್ದಾರೆ. ಕೂಸನ್ನು ಕೇಳುವವರಿಲ್ಲ.

ಗುಂಡಿ ವಾಪಸು ಕೊಡಿ ಎಂದು ಇನ್ನು ಕೇಳುವುದಿಲ್ಲ. ಹೋದ ವಾರ ಮಡ್ಜ್ ತಳ ಮುಟ್ಟಿದ. ಚಿನ್ನ ಬಂತು. ಕಾನ್ ಇನ್ನೊಂದು ಆಳಿನಷ್ಟು ಇಳಿದಿದ್ದರೆ ಸಾಕಿತ್ತಂತೆ. ನೀವು ಅದನ್ನು ನನಗೆ ಕೊಡಿಸುವುದಿಲ್ಲವೆಂದು ನನಗೆ ಗೊತ್ತು, ಕೊಡಿಸಲು ನಿಮಗೆ ಬಾರದೆಂದೂ ಗೊತ್ತು.

ನನ್ನದು ಒಂದೇ ಬೇಡಿಕೆ. ಆ ಮಂಗಳವಾರ ಕಾನೂನಿಗೆ ತಪ್ಪದೆ ನಡೆಯುವ ಹೆಂಗಸು ಎಲ್ಲಿರಬೇಕಿತ್ತು, ತೊರೆಯ ಈಚೆಗೋ ಆಚೆಗೋ? ಒಂದು ಜಾಗ ಹೇಳಿ. ನಿಮ್ಮ ಸಹಿ ಹಾಕಿ ಅದೇ ಮರಕ್ಕೆ ಜಡಿಯಿರಿ. ನಾನು ದಿನಾ ಬಂದು ನೋಡುತ್ತೇನೆ. ಸಲಿಕೆ ನನ್ನ ಬಳಿಯೇ ಇದೆ, ಅದನ್ನು ಎಲ್ಲಿ ಊರಬೇಕೆಂದು ತಿಳಿಯದೆ ಹಿಡಿದುಕೊಂಡೇ ಓಡಾಡುತ್ತಿದ್ದೇನೆ.

ಇಂತಿ,
ದಂಗೆಕೋರನದೂ ಅಲ್ಲದ, ಹುತಾತ್ಮನದೂ ಅಲ್ಲದ,
ಒಂದೇ ಬೂಟಿನಲ್ಲಿ ಸತ್ತವನ ಹೆಂಡತಿ,
ಹನೋರಾ ಟ್ವೊಮಿ