ಮೂರನೇ ಜೊತೆಯ ಚೀಟಿ

ಅಕ್ಕಾ,

ಸಂಜೆ ಆರೂವರೆ. ಹೊಲಿಗೆ ಕೋಣೆಯಲ್ಲಿ ನಾನೊಬ್ಬಳೇ ಇದ್ದೇನೆ. ಕಟಿಂಗ್ ಮಾಸ್ಟರ್ ಮನೆಗೆ ಹೋದರು, ಎಂದಿನಂತೆ ಫ್ಯಾನ್ ಆರಿಸುವುದನ್ನು ಮರೆತು. ಬೆಳಿಗ್ಗೆಯೆಲ್ಲ ಧಾರಾವಾಹಿಯ ಸೈನಿಕರ ಪ್ಯಾಂಟುಗಳಿಗೆ ಗುಂಡಿ ಹಾಕಿದೆ. ಮಧ್ಯಾಹ್ನ ಅದರ ಕಥೆ ಬರೆಯುವವರ ಕೋಣೆಗೆ ಹೋಗಿ ಜಗಳ ಆಡಿ ಬಂದೆ. ಹೌದು, ನಾನೇ. ಅಂಗಡಿಯವನು ಹಳಸಿದ ಬ್ರೆಡ್ಡು ಕೊಟ್ಟರೂ ಸುಮ್ಮನೆ ತರುತ್ತಿದ್ದ ನಿನ್ನ ತಂಗಿಯೇ.

ನೀನು ಹೋಗಿ ಏಳು ತಿಂಗಳಾಯಿತು. ಎರಡನೇ ಮಹಡಿಯಿಂದ ಹಾರಿ, ಎದ್ದು ಮೈ ಕೊಡವಿಕೊಂಡು, "ಸಾಕಾ, ಇನ್ನೊಂದ್ಸಲ ಬೀಳ್ಬೇಕಾ?" ಎಂದು ಕೇಳುತ್ತಿದ್ದವಳನ್ನು ನಾಲ್ಕು ದಿನದ ಜ್ವರ ಕರೆದುಕೊಂಡು ಹೋಯಿತು. ಇದನ್ನು ಯಾರಾದರೂ ಕಥೆಯಾಗಿ ಬರೆದಿದ್ದರೆ ನೀನೇ ನಗುತ್ತಿದ್ದೆ.

ನಾನು ಕೆಲಸಕ್ಕೆ ಸೇರಿದ ದಿನ ನೀನು ಬಿಡಿಸಿ ಹೇಳಿದ್ದು ನೆನಪಿದೆಯೇ? ಒಂದು ಜೊತೆ ಬಟ್ಟೆ ನಾಯಕಿಗೆ. ಎರಡನೇ ಜೊತೆ ಅವಳ ಬದಲು ಬೀಳುವ, ಏಳುವ ಡೂಪ್‌ಗೆ, ಅಂದರೆ ನಿನಗೆ. ಮೂರನೇ ಜೊತೆ ಬೇಕೆಂದು ಚೀಟಿ ಬಂದರೆ ಪಾತ್ರ ಸಾಯುತ್ತದೆ ಎಂದೇ ಅರ್ಥ, ಯಾಕೆಂದರೆ ಅದು ಹರಿದು ಕೆಂಪು ಬಣ್ಣ ಬಳಿಯುವುದಕ್ಕೆ. ಟೀವಿ ಮುಂದೆ ಕೂತು ಅಳುವವರಿಗಿಂತ ತಿಂಗಳು ಮೊದಲೇ ನಮಗೆ ಸಾವಿನ ಸುದ್ದಿ ಬಂದಿರುತ್ತಿತ್ತು.

ಒಂಬತ್ತು ವರ್ಷ ಆ ಚೀಟಿಗಳನ್ನು ನೋಡಿದೆ. ಒಂದು ಧಾರಾವಾಹಿಯಲ್ಲಿ ಹಡಗು ನಡೆಸಿದವಳಿಗೆ ಬಂತು. ಮಂತ್ರಶಕ್ತಿಯವಳಿಗೂ ಬಂತು, ಶಕ್ತಿ ಹೆಚ್ಚಾಗಿ ತಲೆ ಕೆಟ್ಟಿತಂತೆ, ಅದಕ್ಕೆ. ಆ ಪೊಲೀಸ್ ಅಧಿಕಾರಿಣಿ ಮಾತ್ರ ಉಳಿದುಕೊಂಡಳು, ಆದರೆ ಅವಳಿಗೆ ಮದುವೆ ಬಟ್ಟೆ ಹೊಲಿಸಿದರು, ಕೊನೆಯ ಕಂತಿನಲ್ಲಿ ಪಿಸ್ತೂಲನ್ನು ಗಂಡನ ಕೈಗೆ ಕೊಟ್ಟು ತಲೆ ತಗ್ಗಿಸಿದಳು. "ನೂರು ಕಳ್ಳರನ್ನ ಹಿಡಿದವಳಿಗೆ ಒಂದು ಪಿಸ್ತೂಲು ಭಾರ ಆಗೋಯ್ತೇನೇ!" ಎಂದು ನೀನು ಹೇಳಿ, ನಾವಿಬ್ಬರೂ ನಕ್ಕು ನಕ್ಕು ನನ್ನ ಸೂಜಿಯ ದಾರ ಜಾರಿಹೋಗಿತ್ತು. ಆಗ ನಕ್ಕು ಬಿಟ್ಟುಬಿಟ್ಟೆವು.

ಇವತ್ತು ಬಂದ ಚೀಟಿ ದಂಡನಾಯಕಿಯದು. ನಾಲ್ಕು ವರ್ಷ ನೀನು ಯಾರಿಗಾಗಿ ಬಿದ್ದೆಯೋ ಅವಳದು. "ಮೂರನೇ ಜೊತೆ. ಬೆನ್ನಿನಲ್ಲಿ ಸೀಳು" ಎಂದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, "ಹೊಸ ಬಟ್ಟೆ ಬೇಡ. ಹಳೆ ಡೂಪ್ ಕೋಟು ಇದೆಯಲ್ಲ, ಅದನ್ನೇ ಕತ್ತರಿಸಿ."

ನಿನ್ನ ನೀಲಿ ಕೋಟು. ಅದನ್ನು ಬೀರುವಿನಲ್ಲಿ ಎಲ್ಲದರ ಹಿಂದೆ, ಹಳೆಯ ಪರದೆಯೊಂದನ್ನು ಹೊದಿಸಿ ಇಟ್ಟಿದ್ದೆ. ಕೊರಳಪಟ್ಟಿಯಲ್ಲಿ ಇನ್ನೂ ನಿನ್ನ ನೋವಿನ ಮುಲಾಮಿನ ವಾಸನೆಯಿದೆ. ಮಾಸ್ಟರ್ ಕತ್ತರಿ ತಂದು ಮೇಜಿನ ಮೇಲಿಟ್ಟರು. "ಕಷ್ಟ ಅಂತ ಗೊತ್ತಮ್ಮ. ನಾನೇ ಕತ್ತರಿಸ್ಲಾ?" ಎಂದರು. ಕೋಟು ತೋಳಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದೆ.

ಕಥೆ ಬರೆಯುವವರು ಗೋಡೆಯ ತುಂಬ ಕಾಗದ ಅಂಟಿಸಿಕೊಂಡು ಟೀ ಕುಡಿಯುತ್ತಿದ್ದರು. "ಏನು ಟೈಲರಮ್ಮ, ದಾರಿ ತಪ್ಪಿ ಬಂದ್ರಾ?" ಎಂದರು. ಅವಳು ಯಾಕೆ ಸಾಯಬೇಕು ಎಂದು ಕೇಳಿದೆ. ರಾಜಕುಮಾರನನ್ನು ಉಳಿಸಲು ಹೋಗಿ ಹಿಂದಿನಿಂದ ಪೆಟ್ಟು ತಿನ್ನುತ್ತಾಳೆ, ಅವನು ಅವಳ ಕತ್ತಿ ಎತ್ತಿಕೊಳ್ಳುತ್ತಾನೆ, ಅಲ್ಲಿಂದ ಅವನ ಕಥೆ ಶುರು ಎಂದರು. "ಹೆಂಗಸಿಗೆ ಅಷ್ಟು ಬಲ ಇದ್ರೆ ಜನ ಬೆರಗಾಗ್ತಾರೆ, ಪ್ರೀತಿ ಮಾಡಲ್ಲಮ್ಮ. ಸತ್ರೆ ಮಾಡ್ತಾರೆ."

ಕೋಟನ್ನು ಅವರ ಕಾಗದಗಳ ಮೇಲೆ ಹಾಸಿದೆ. ಮೊಣಕೈ, ಭುಜ, ಎದೆ, ಹರಿದಾಗ ನಾನು ರಫು ಮಾಡಿದ ಹತ್ತೊಂಬತ್ತು ಜಾಗಗಳನ್ನು ಬೆರಳಿಟ್ಟು ತೋರಿಸಿದೆ. ಆಮೇಲೆ ತಿರುಗಿಸಿ ಬೆನ್ನು ತೋರಿಸಿದೆ. "ಇಲ್ಲಿ ಒಂದೂ ಇಲ್ಲ ನೋಡಿ ಸರ್. ನಮ್ಮಕ್ಕ ಎಲ್ಲಾ ಎದುರಿಗೇ ತಗೊಂಡಿದ್ದು. ಆ ರಾಜಕುಮಾರ ಏಳು ಸಲ ಗಾಯ ಮಾಡ್ಕೊಂಡ, ಅವನಿಗೆ ಒಂದು ಸಲನೂ ಮೂರನೇ ಜೊತೆ ಹೊಲೀಲಿಲ್ಲ ನಾನು."

ಅವರಿಗೆ ಸಿಟ್ಟು ಬಂತು. "ಸೂಜಿ ನಿಮ್ಮದು, ಕಥೆ ನಮ್ಮದು. ಸರಿ, ಅವಳನ್ನ ಉಳಿಸಿದೆ ಅಂತಿಟ್ಕೊಳ್ಳಿ. ಗೆದ್ದ ಮೇಲೆ ಏನು ಮಾಡ್ತಾಳೆ? ಹೇಳಿ ನೋಡೋಣ."

ಉತ್ತರ ಹುಡುಕಬೇಕಾಗಲಿಲ್ಲ ಅಕ್ಕ. "ಮಾರನೇ ದಿನ ಕೆಲಸಕ್ಕೆ ಬರ್ತಾಳೆ ಸರ್" ಎಂದೆ. "ನಮ್ಮಕ್ಕ ಬರ್ತಿದ್ಲಲ್ಲ, ಹಾಗೆ."

ಅವರು ಕೋಟಿನ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿದರು. ಬದಲಾಯಿಸುತ್ತೇನೆ ಎನ್ನಲಿಲ್ಲ. ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, "ಇದು ಎರಡು ದಿನ ನನ್ನ ಹತ್ರ ಇರಲಿ" ಎಂದರು. ಅದೇ ಚೀಟಿ ಮತ್ತೆ ಬರಬಹುದು. ಬಂದರೆ ಮತ್ತೆ ಮೆಟ್ಟಿಲು ಹತ್ತುತ್ತೇನೆ. ಕೆಲಸ ಬಿಡಿಸಿದರೂ ಸರಿಯೇ, ಬೆನ್ನು ಸೀಳಿದ ಬಟ್ಟೆ ನನ್ನ ಕೈಯಿಂದ ಅವಳಿಗೆ ಹೋಗುವುದಿಲ್ಲ.

ಕೆಳಗೆ ಬಂದು ಕೋಟನ್ನು ಬೀರುವಿಗೆ ಇಡಲು ಹೋದೆ, ಮನಸ್ಸು ಬರಲಿಲ್ಲ. ಇನ್ನೊಬ್ಬರು ಕತ್ತರಿಸಬಾರದೆಂದು ಹಟ ಹಿಡಿದವಳು ನಾನು, ಆದರೆ ಪರದೆಯ ಹಿಂದೆ ಬಚ್ಚಿಟ್ಟು ಏಳು ತಿಂಗಳು ಅದನ್ನು ಸಾಯಿಸಿಟ್ಟವಳೂ ನಾನೇ ಅಲ್ಲವೇ? ದಂಡನಾಯಕಿಗೆ ಹೊಸ ಡೂಪ್ ಬಂದಿದ್ದಾಳೆ. ಭುಜ ನಿನಗಿಂತ ಎರಡು ಬೆರಳು ಅಗಲ. ಹೊಲಿಯುವಾಗ ಒಳಗೆ ಮಡಿಚಿ ಹೆಚ್ಚು ಬಟ್ಟೆ ಬಿಟ್ಟಿದ್ದೆ, ಸಾಕಾಗುತ್ತದೆ. ಈಗಷ್ಟೇ ಎರಡೂ ಬದಿಯ ಹೊಲಿಗೆ ಬಿಚ್ಚಿದೆ. ರಫು ಮಾಡಿದ ಜಾಗಗಳನ್ನು ಮುಟ್ಟಿಲ್ಲ.

ಇನ್ನು ಯಾರಿಗಾಗಿಯೂ ಬೀಳದೆ ನೆಮ್ಮದಿಯಿಂದಿರು ಅಕ್ಕ. ನಿನ್ನ ಧೈರ್ಯದಲ್ಲಿ ಒಂದು ತುಣುಕು ಆ ಹುಡುಗಿಗೂ ಇರಲಿ, ಒಂದು ನನಗೂ. ಫ್ಯಾನ್ ಆರಿಸಿ ಹೊರಡುತ್ತೇನೆ.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅವಳು ಕೋಟು ಹಾಕಿ ನೋಡಲು ಬರುತ್ತಾಳೆ.

ನಿನ್ನ ತಂಗಿ